ಪಾರ್ಕಿನ ಹುಲ್ಲು, ನಮ್ಮ ಬೋರು

2ನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬೋರಿನ ನೀರು ಮೇಲಿನ ಟ್ಯಾಂಕಿಗೆ ಏರುತ್ತಿಲ್ಲ. ಬೆಳಿಗ್ಗೆ ವಾಕಿಂಗ್ ಹೋದರೆ ಪಾರ್ಕಿನಲ್ಲಿ ಸ್ಪ್ರಿಂಕ್ಲರ್ ಜೋರಾಗಿ ತಿರುಗುತ್ತಿತ್ತು, ಅದೇ ಬೋರಿನ ನೀರು. ಪಾರ್ಕ್ ಬೇಡ ಅನ್ನುತ್ತಿಲ್ಲ. ಅದಕ್ಕೆ ಅರ್ಜಿ ಹಿಡಿದು ಅಲೆದವರಲ್ಲಿ ನಾನೂ ಒಬ್ಬ.

ಆದರೆ ಟೇಪ್ ಹಿಡಿದು ಅಳೆದೆ. ಲಾನ್ 40 ಮೀಟರ್ ಉದ್ದ, 30 ಅಗಲ. 1,200 ಚದರ ಮೀಟರ್. ಒಂದು ಚದರ ಮೀಟರಿಗೆ 1 ಮಿ.ಮೀ. ನೀರು ಅಂದರೆ 1 ಲೀಟರ್. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ 5 ಮಿ.ಮೀ. ಅಂತ ಹಿಡಿದರೂ 6,000 ಲೀಟರ್. ಊರಿನ ನೀರಿನ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ. 44 ಜನರ ನೀರು ಹುಲ್ಲಿಗೆ ಹೋಯಿತು.

1ನೇ ಕ್ರಾಸ್, ಮಹಡಿ ಮನೆ:
ಸರ್, ಮಕ್ಕಳು ಬಿದ್ದರೆ ಪೆಟ್ಟಾಗಬಾರದು ಅಂತ ತಾನೇ ಹುಲ್ಲು ಹಾಕಿಸಿದ್ದು? ಅದೂ ಬೇಡ ಅಂದರೆ ಸಿಮೆಂಟ್ ಮೇಲೆ ಆಡಬೇಕಾ?

2ನೇ ಕ್ರಾಸ್, ಮೂಲೆ ಮನೆ:
ಅಕ್ಕಾ, ಗೇಟಿನ ಬೋರ್ಡ್ ಓದಿ. ‘ಹುಲ್ಲಿನ ಮೇಲೆ ಓಡಾಡಬೇಡಿ’.

1ನೇ ಕ್ರಾಸ್, ಮಹಡಿ ಮನೆ:
ಅಯ್ಯೋ, ಹೌದಲ್ವಾ!

ಹಾಲಿನ ಬೂತ್ ಎದುರು:
ವಾಣಿವಿಲಾಸ ಸಾಗರ 2022ರಲ್ಲಿ 89 ವರ್ಷ ಆದಮೇಲೆ ಕೋಡಿ ಬಿತ್ತು. ನಾವೆಲ್ಲ ಗಾಡಿ ಮಾಡಿಕೊಂಡು ನೋಡಿ ಬಂದೆವು. ಇನ್ನೂ ನೀರಿಲ್ಲ ನೀರಿಲ್ಲ ಅಂದರೆ ಹೇಗೆ?

3ನೇ ಕ್ರಾಸ್, ನಿವೃತ್ತ ಮೇಷ್ಟ್ರು:
ತಮ್ಮಾ, ಡ್ಯಾಂ ಕೋಡಿ ಬಿದ್ದರೆ ನಮ್ಮ ಬೋರು ತುಂಬುತ್ತದಾ? ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ನಿಮ್ಮ ಮನೆಯವರನ್ನೇ ಕೇಳಿ.

ನನಗೆ ಹುಲ್ಲಿಗಿಂತ ಜಾಸ್ತಿ ಬೇಜಾರಾಗಿರುವುದು ಪಾರ್ಕಿನಲ್ಲಿ ಹಾಸಿರುವ ಸಿಮೆಂಟಿನ ಇಂಟರ್‌ಲಾಕ್ ಕಲ್ಲು. ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್‌ಗೂ ಮೀರಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದನ್ನು ತಂದು ‘ಹಸಿರು ತಾಣ’ ಅಂತ ಬೋರ್ಡ್ ಹಾಕಿದ್ದೇವೆ! ಎರಡು ಹೊಂಗೆ ಮರಗಳ ಬುಡದವರೆಗೂ ಮುಚ್ಚಿದ್ದಾರೆ. ಬೇರಿಗೆ ಗಾಳಿ ಇಲ್ಲ, ನೀರೂ ಇಳಿಯುವುದಿಲ್ಲ. ಒಂದರ ತುದಿ ಆಗಲೇ ಒಣಗಿದೆ, ನೋಡಿ ಬನ್ನಿ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ನಮ್ಮ ಪಾರ್ಕಿನ ಮಳೆ ನೀರು ನೇರ ಚರಂಡಿಗೆ. ಆಮೇಲೆ ಬೋರಿನಿಂದ ಎತ್ತಿ ಚಿಮುಕಿಸುವುದು.

ಎಲೆ ಗುಡಿಸಿ ಬೆಂಕಿ ಹಚ್ಚುವುದು ಬೇರೆ. 2016ರ ಘನತ್ಯಾಜ್ಯ ನಿಯಮದಲ್ಲೇ ಅದನ್ನು ತಪ್ಪು ಅಂದಿದ್ದರು.

1ನೇ ಕ್ರಾಸ್, ಮಹಡಿ ಮನೆ:
ಆ ಹೊಗೆಗೇ ನಮ್ಮತ್ತೆಗೆ ಕೆಮ್ಮು ಸರ್. ಸರಿ, ಏನು ಮಾಡೋಣ? ಪೂರ್ತಿ ಕೀಳುವುದು ಮಾತ್ರ ಬೇಡ.

2ನೇ ಕ್ರಾಸ್, ಮೂಲೆ ಮನೆ:
ಪೂರ್ತಿ ಬೇಡ ಅಕ್ಕಾ. ಮಕ್ಕಳು ಆಡುವಷ್ಟು ಜಾಗ ಇರಲಿ, ಬೋರ್ಡ್ ತೆಗೆಸೋಣ. ಉಳಿದ ಕಡೆ ಬೇವು, ಹೊಂಗೆ. ಮೊದಲ ಎರಡು ಬೇಸಿಗೆ ನೀರು ಹಾಕಿದರೆ ಆಮೇಲೆ ತಾವೇ ಬದುಕುತ್ತವೆ. ಅರ್ಜಿ ಬರೆದಿದ್ದೇನೆ, ಸಹಿ ಮಾಡಿ.

ಹಾಲಿನ ಬೂತ್ ಎದುರು:
ಸಹಿ ಮಾಡುತ್ತೇನೆ. ಆದರೆ ಸಂಜೆ ಕೂರೋಕೆ ನೆರಳು ಬರಲು ಹತ್ತು ವರ್ಷ ಬೇಕಲ್ಲ ಮೇಷ್ಟ್ರೇ?

3ನೇ ಕ್ರಾಸ್, ನಿವೃತ್ತ ಮೇಷ್ಟ್ರು:
ಅದಕ್ಕೇ ಇರುವ ಎರಡು ಹೊಂಗೆ ಮೊದಲು ಉಳಿಸೋಣ. ಅರ್ಜಿಗೆ ಒಪ್ಪಿಗೆ ಬಂದ ಭಾನುವಾರವೇ ಬುಡದ ಕಲ್ಲು ಬಿಡಿಸೋಣ. ಎಲೆ ಹಾಕಲು ಗುಂಡಿಯನ್ನೂ ಅವತ್ತೇ ತೋಡೋಣ. ಹಾರೆ ನಮ್ಮ ಮನೆಯಲ್ಲಿದೆ. ಸಲಿಕೆ, ಬುಟ್ಟಿ ಯಾರಾದರೂ ತನ್ನಿ.