ಅಪ್‌ಡೇಟ್: ಕೊನೆಗೂ ಪವರ್ ಸಪ್ಲೈ ತಗೊಂಡೆ

ಹಳೇ ಮೊಬೈಲ್ ಚಾರ್ಜರ್‌ಗೆ ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರ್) ಹಾಕಿದರೆ ಇಎಸ್‌ಪಿ32 (ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಕಂಟ್ರೋಲರ್) ಬೋರ್ಡ್ ಪದೇ ಪದೇ ರೀಸೆಟ್ ಆಗುತ್ತದೆ, ಯಾವ ಪವರ್ ಸಪ್ಲೈ ತಗೊಳ್ಳಲಿ ಅಂತ ಇಲ್ಲಿ ಕೇಳಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 0–30 ವೋಲ್ಟ್, 5 ಆಂಪಿಯರ್‌ವರೆಗೆ ಹೊಂದಿಸಬಹುದಾದ ಸಪ್ಲೈ ತಂದೆ.

ಕರೆಂಟ್ ಲಿಮಿಟ್ (ಇಷ್ಟಕ್ಕಿಂತ ಹೆಚ್ಚು ಕರೆಂಟ್ ಹರಿಯದಂತೆ ತಡೆಯುವ ಸೌಲಭ್ಯ) ಇರುವುದನ್ನೇ ತಗೊಳ್ಳಿ ಅಂತ ನೀವೆಲ್ಲ ಅಂದಿದ್ರಲ್ವಾ, ಅದು ನೂರಕ್ಕೆ ನೂರು ಸರಿ. ಬರೀ ಬೋರ್ಡ್ ಟೆಸ್ಟ್ ಮಾಡಲು, ಮೊದಲು ಸಪ್ಲೈನ ಎರಡೂ ವೈರಿನ ತುದಿ ಕೂಡಿಸಿ, ನಾಬ್ ತಿರುಗಿಸಿ ಲಿಮಿಟ್ 200 ಮಿಲಿಆಂಪಿಯರ್‌ಗೆ ಇಟ್ಟಿದ್ದೆ. ನಿನ್ನೆ ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ತೂತುಗಳ ಹಲಗೆ) ಒಂದು ವೈರ್ ತಪ್ಪು ತೂತಿಗೆ ಹೋಗಿ ಶಾರ್ಟ್ ಆಯ್ತು. ತಕ್ಷಣ ಸಪ್ಲೈನ 'ಸಿಸಿ' ದೀಪ (ಕಾನ್‌ಸ್ಟಂಟ್ ಕರೆಂಟ್, ಅಂದರೆ ಕರೆಂಟ್ ಲಿಮಿಟ್ ಮುಟ್ಟಿದೆ ಅಂತ) ಹೊತ್ತಿತು, ವೋಲ್ಟೇಜ್ ಸೊನ್ನೆ ಹತ್ತಿರ ಇಳಿಯಿತು. ಬೋರ್ಡ್ ಉಳಿಯಿತು!

ಸರ್ವೋಗೆ ಲಿಮಿಟ್ ಏರಿಸಿ, ಮೋಟಾರ್ ದಿಢೀರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯದಿರಲಿ ಅಂತ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ರೀಸೆಟ್ ಪೂರ್ತಿ ನಿಂತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.