‘ಮ್ಯಾಪ್ ಟರ್ಟಲ್’ಗೆ ಏನಂತೀರಿ? (ತುರ್ತು)

ವಿ.ಕೆ.:
ಎಲ್ಲರಿಗೂ ನಮಸ್ಕಾರ. ಆಮೆ ಕಳ್ಳಸಾಗಣೆ ಬಗ್ಗೆ ಒಂದು ಕಿರುಹೊತ್ತಿಗೆಯನ್ನ ಕನ್ನಡಕ್ಕೆ ತರ್ತಿದ್ದೀನಿ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ನಮ್ಮ ನಕ್ಷತ್ರ ಆಮೆಯ ಪುಟ ಮುಗೀತು. ಅಮೆರಿಕದ ಮ್ಯಾಪ್ ಟರ್ಟಲ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೀನಿ. ಕುಲದ ಹೆಸರು ಗ್ರಾಪ್ಟೆಮಿಸ್. ಮಿಸಿಸಿಪಿ ಮತ್ತು ಅದರ ಆಸುಪಾಸಿನ ನದಿಗಳ ಸಿಹಿನೀರಿನ ಆಮೆ. ಚಿಪ್ಪಿನ ಮೇಲೆ ಹಳದಿ ಗೆರೆಗಳು ಹೊಳೆ-ಹಳ್ಳ ಗುರುತಿಸಿದ ಹಾಗೆ ಹರಡಿಕೊಂಡಿರ್ತವೆ. ‘ಭೂಪಟ ಆಮೆ’ ಅಂತ ಹಾಕಿದ್ದೆ, ಕರಡು ತಿದ್ದುವವರು ಹೊಡೆದುಹಾಕಿದ್ರು. ‘ಪೆಟ್ ಟ್ರೇಡ್’ಗೂ ಒಂದು ಮಾತು ಬೇಕು.

ಗೋ.ನಾ.:
ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ ಅದು. ಹೊಡೆದದ್ದು ಸರಿ. ಮ್ಯಾಪಿಗೆ ‘ನಾಡತಿಟ್ಟ’ ಅಂತ ಬರೆಯುವವರಿದ್ದಾರೆ, ಅದರಿಂದ ‘ತಿಟ್ಟಾಮೆ’ ಮಾಡಿ. ಆಮೆ ಅಚ್ಚ ದ್ರಾವಿಡ: ತಮಿಳಿನ ಹಳೆಯ ರೂಪ ಯಾಮೈ, ತೆಲುಗಿನಲ್ಲಿ ತಾಬೇಲು. ಅದರ ಬೆನ್ನಿಗೆ ಸಂಸ್ಕೃತ ಯಾಕೆ ಹೊರಿಸ್ತೀರಿ?

ಎಸ್.ಆರ್.:
ತಿಟ್ಟಾಮೆ! ತೆಂಕುತಿಟ್ಟೋ, ಬಡಗುತಿಟ್ಟೋ? ಅರಿಸಮಾಸ ಅಂತೀರಲ್ಲ, ‘ನಕ್ಷತ್ರ ಆಮೆ’ ಮತ್ತೇನು? ಪತ್ರಿಕೆಗಳೆಲ್ಲ ಬರೀತಾವೆ, ಯಾರ ವ್ಯಾಕರಣವೂ ಮುಳುಗಿಲ್ಲ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ ಅರಿಸಮಾಸ ಬಿಟ್ಟುಕೊಟ್ಟವನು.
ನನ್ನ ಮತ ‘ನಕ್ಷೆಯಾಮೆ’ಗೆ. ನಕ್ಷೆಯ ಬೇರು ಅರಬ್ಬಿಯ ‘ನಕ್ಷ್’: ಕೆತ್ತು, ಚಿತ್ರ ಬಿಡಿಸು. ನಕಾಶಿ ಕೆಲಸ ಅಂತೀವಲ್ಲ, ಅದೇ. ಗ್ರೀಕಿನ ‘ಗ್ರಾಪ್ಟೋಸ್’ ಕೂಡ ಬರೆದದ್ದು, ಕೆತ್ತಿದ್ದು. ಭೂಗೋಳ ಬರೋದು 1817ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲೆಸ್ಯೂರ್ ಒಂದು ಪ್ರಭೇದಕ್ಕೆ ಇಟ್ಟ ‘ಜಿಯೋಗ್ರಾಫಿಕಾ’ದಲ್ಲಿ. ಇಡೀ ಕುಲಕ್ಕೆ ನಕ್ಷೆಯೇ ಕೂರುತ್ತೆ.

ಗೋ.ನಾ.:
‘ಕ್ಷ’ ಕಂಡ ಕೂಡಲೇ ಸಂಸ್ಕೃತ ಅನ್ನುವವರಿಗಿಂತ ನೀವು ವಾಸಿ. ಎರವಲು ಎರವಲೇ.

ಮಂಜುಳಾ:
ಪದ ಯಾವುದೇ ಇರಲಿ, ಹಿಂದೆ ನದಿಯ ಹೆಸರು ಸೇರಿದಾಗಲೂ ನಿಲ್ಲಬೇಕು. ಈ ಕುಲದಲ್ಲಿ ಹತ್ತಕ್ಕೂ ಹೆಚ್ಚು ಪ್ರಭೇದ, ಹಲವು ಒಂದೆರಡು ನದಿಗಷ್ಟೇ ಸೀಮಿತ. ಪರ್ಲ್ ನದಿಯದನ್ನೂ ಪಾಸ್ಕಗೂಲಾ ನದಿಯದನ್ನೂ 2010ರವರೆಗೆ ಒಂದೇ ಅಂತ ಎಣಿಸಿದ್ರು. 2024ರಲ್ಲಿ ಅಮೆರಿಕ ಪರ್ಲ್ ನದಿಯದಕ್ಕೆ ಕಾನೂನಿನ ರಕ್ಷಣೆ ಕೊಟ್ಟಾಗ ಅದನ್ನೇ ಹೋಲುವ ಇನ್ನೂ ನಾಲ್ಕನ್ನು ಪಟ್ಟಿಗೆ ಸೇರಿಸಿತು. ಪೆಟ್ಟಿಗೆಯಲ್ಲಿ ಮರಿಗಳು ಸಿಕ್ಕರೆ ಯಾವ ನದಿಯವು ಅಂತ ತನಿಖೆಯವರು ಹೇಗೆ ಹೇಳ್ತಾರೆ? ಅದೇ ಐದು 2022ರ ಪನಾಮಾ ಸಭೆಯಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟೀಸ್‌ನ ಎರಡನೇ ಅನುಬಂಧಕ್ಕೆ ಬಂದವು. ‘ಪಟ್ಟೆಯಾಮೆ’ ಅಂತ ಯಾರಾದ್ರೂ ಹೇಳೋ ಮುಂಚೆ: ಪಟ್ಟೆ ಬೇರೆ ಎಷ್ಟೋ ಆಮೆಗಳಿಗಿದೆ.
‘ಸಾಕುಪ್ರಾಣಿ ವ್ಯಾಪಾರ’ ಬೇಡವೇ ಬೇಡ. ನಮ್ಮೂರಲ್ಲಿ ಅದು ದನದ ಸಂತೆ. ಹೊಳೆಗೆ ಬಿದ್ದ ದಿಮ್ಮಿ ಮೇಲೆ ಬಿಸಿಲು ಕಾಯಿಸ್ತಾ ಕೂತದ್ದನ್ನ ಹಿಡಿದು ಗಾಜಿನ ತೊಟ್ಟಿಗೆ ಹಾಕಿದ್ರೆ ಅದು ಸಾಕುಪ್ರಾಣಿ ಆಗಲ್ಲ. (ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಚಿಪ್ಪಿನ ಆಮೆ ಮಾರೋದನ್ನ 1975ರಲ್ಲಿ ನಿಷೇಧಿಸಿದ್ದೂ ಆಮೆಯ ಮೇಲಿನ ಕನಿಕರಕ್ಕಲ್ಲ, ಮಕ್ಕಳಿಗೆ ಸಾಲ್ಮೊನೆಲ್ಲಾ ರೋಗಾಣು ತಗಲುತ್ತೆ ಅಂತ.) ‘ಶೋಕಿಪ್ರಾಣಿ ಮಾರಾಟ’ ಅನ್ನಿ.

ಗೋ.ನಾ.:
ಶೋಕಿಯೂ ಅರಬ್ಬಿ. ಇನ್ನು ಕನ್ನಡ ಎಲ್ಲಿ ಉಳೀತು?

ಎಸ್.ಆರ್.:
ಕಾಗದ, ಅರ್ಜಿ, ಜಮೀನು, ತಾಲ್ಲೂಕು, ವಕೀಲ: ಇವನ್ನೆಲ್ಲ ಬಿಟ್ಟು ಒಂದು ದಿನ ಕಳೆದು ಬನ್ನಿ, ಆಮೇಲೆ ಮಾತಾಡೋಣ.

ಗೋ.ನಾ.:
ಇರೋ ಪದ ಬಿಡಿ ಅಂತ ಯಾರು ಹೇಳಿದ್ರು? ಹೊಸದು ಕಟ್ಟುವಾಗಲೂ ಸಾಲ ಯಾಕೆ ಅಂತ ಕೇಳಿದ್ದು. ಓದಿ ಉತ್ತರಿಸಿ.

ಎಸ್.ಆರ್.:
ಓದಿಯೇ ಬರೆದದ್ದು. ನಕ್ಷೆ ಹೊಸದಲ್ಲ, ನಿಮ್ಮ ಸೈಟಿನ ಪತ್ರದ ಜೊತೆಗೂ ಒಂದಿರುತ್ತೆ.

ವಿ.ಕೆ.:
ದಯವಿಟ್ಟು ಜಗಳ ಬೇಡ. ‘ನಕ್ಷೆಯಾಮೆ’ ಹಾಕಿದೆ, ‘ಪರ್ಲ್ ನದಿಯ ನಕ್ಷೆಯಾಮೆ’ ಅಂದ್ರೂ ಬಾಯಿಗೆ ತೊಡರಲ್ಲ. ‘ಶೋಕಿ’ ನಮ್ಮ ಸಂಪಾದಕರಿಗೆ ಹಿಡಿಸಲಿಲ್ಲ, ‘ಮನೆಯಲ್ಲಿಟ್ಟುಕೊಳ್ಳಲು ಆಮೆ ಮಾರುವ ದಂಧೆ’ ಅಂತ ಬಿಡಿಸಿ ಬರೆದೆ. ಕೊನೆಯದೊಂದು: ಬೆನ್ನಿನ ನಡುವೆ ಹಲ್ಲುಸಾಲಿನಂಥ ಮುಳ್ಳು ಇರೋದರಿಂದ ಇವಕ್ಕೆ ‘ಸಾಬ್ಯಾಕ್’ ಅಂತಲೂ ಹೆಸರು. ‘ಗರಗಸಬೆನ್ನಿನ ಆಮೆ’ ನಡೆಯುತ್ತಾ?

ಗೋ.ನಾ.:
ಗರಗಸ ಸಂಸ್ಕೃತದ ‘ಕ್ರಕಚ’ದ ತದ್ಭವ. ತದ್ಭವಕ್ಕೆ ಅರಿಸಮಾಸದ ದೋಷವಿಲ್ಲ. ಹಾಕಿ.