ಮ್ಯಾನ್ಮಾರ್ ಭೂಕಂಪಕ್ಕೆ ಒಟ್ಟು ಮಾಡಿದ ದುಡ್ಡು ಕಳಿಸುವುದು ಹೇಗೆ?

ಕುಂಬ್ಳೆ ಹುಡುಗ: 2025 ಮಾರ್ಚ್ 28ಕ್ಕೆ ಮ್ಯಾನ್ಮಾರಲ್ಲಿ 7.7ರ ಭೂಕಂಪ ಆಯ್ತಲ್ಲ, ಮಂಡಲೆ ಸಗಾಯಿಂಗ್ ಕಡೆ ಎಲ್ಲ ನೆಲಸಮ, ವಿಡಿಯೋ ನೋಡಿ ನಮ್ಮ ಯುವಕ ಮಂಡಲದವರು ಮನೆಮನೆಗೆ ಹೋಗಿ 18 ಸಾವಿರ ಒಟ್ಟು ಮಾಡಿದ್ದೇವೆ, ಹಳೆ ಬಟ್ಟೆಯೂ ಎಂಟು ಗೋಣಿ ಉಂಟು. ಈಗ ಎಲ್ಲಿಗೆ ಕಳಿಸುವುದು ಮಾರಾಯ್ರೆ? ವಾಟ್ಸಾಪಲ್ಲಿ ಒಂದು ಕ್ಯೂಆರ್ ಕೋಡ್ ಬಂದಿದೆ, ಅದಕ್ಕೇ ಹಾಕುವುದಾ?

ಬದಿಯಡ್ಕದ ಮಾಷ್ಟ್ರು: ಬಟ್ಟೆ ಮಾತ್ರ ಬೇಡ ಮಾರಾಯ. 2004ರ ಸುನಾಮಿ ಟೈಮಲ್ಲಿ ನಾಗಪಟ್ಟಣದಲ್ಲಿ ಹಳೆ ಬಟ್ಟೆ ರಸ್ತೆ ಬದಿ ರಾಶಿ ಬಿದ್ದಿತ್ತು, ಕೇಳುವವರಿಲ್ಲ. ಸಾಗಿಸುವ ಖರ್ಚಲ್ಲಿ ಅಲ್ಲೇ ಅಕ್ಕಿ ತೆಗೀಬಹುದು.

ಪೆರ್ಲದ ಅಕ್ಕ (ಬ್ಯಾಂಕಲ್ಲಿದ್ದವಳು): ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಹೆಸರು ಬರ್ತದೆ, ಸಂಸ್ಥೆ ಹೆಸರು ಬಿಟ್ಟು ಯಾರದ್ದೋ ಸ್ವಂತ ಹೆಸರು ಬಂದ್ರೆ ಅಲ್ಲಿಗೇ ಬಿಡಿ. ನೇರ ಹೊರದೇಶಕ್ಕೆ ಹಾಕುವುದಾದ್ರೆ ಎಲ್ಆರ್‌ಎಸ್ ಅಂತ ಆರ್‌ಬಿಐಯ ಒಂದು ಸ್ಕೀಮ್ ಉಂಟು, ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್ ವರೆಗೆ, ಆದ್ರೆ ಅದು ವ್ಯಕ್ತಿಗಳಿಗೆ, ಮಂಡಲಕ್ಕಲ್ಲ. ಪ್ಯಾನ್ ಬೇಕು, ಫಾರ್ಮ್ ಎ2 ಬೇಕು, ಕಮಿಷನ್ ಬೇರೆ ಹೋಗ್ತದೆ, ಇಷ್ಟು ಚಿಲ್ಲರೆಗೆ ಅದೆಲ್ಲ ಎಂತಕೆ? ಅಲ್ಲಿ ಕೆಲಸ ಮಾಡುವ ಸಂಸ್ಥೆಯ ಇಂಡಿಯಾ ಅಕೌಂಟಿಗೆ ಹಾಕಿ ರಸೀದಿ ತಕೊಳ್ಳಿ. 80ಜಿ (ದಾನ ಕೊಟ್ಟದ್ದಕ್ಕೆ ಸಿಕ್ಕುವ ಟ್ಯಾಕ್ಸ್ ರಿಯಾಯಿತಿ) ಆಸೆ ಇದ್ದವರಿಗೆ: 2000ಕ್ಕಿಂತ ಹೆಚ್ಚು ಕ್ಯಾಶ್ ಕೊಟ್ರೆ ಸಿಕ್ಕುದಿಲ್ಲ, ಹೊಸ ಟ್ಯಾಕ್ಸ್ ರೆಜೀಮಲ್ಲಂತೂ ಇಲ್ಲವೇ ಇಲ್ಲ.

ಉಪ್ಪಳ ಬಸ್‌ಸ್ಟ್ಯಾಂಡ್: ನೇಪಾಳ ಆಗಿದ್ರೆ ಸುಲಭ ಇತ್ತು, ಅಲ್ಲಿಗೆ ನೆಫ್ಟ್ ಮೂಲಕವೇ ಕಳಿಸ್ಲಿಕ್ಕೆ ಆರ್‌ಬಿಐ ವ್ಯವಸ್ಥೆ ಉಂಟು.

ಕುಂಬ್ಳೆ ಹುಡುಗ: ಥ್ಯಾಂಕ್ಸ್ ಅಕ್ಕಾ, ಆ ಕ್ಯೂಆರಲ್ಲಿ ಯಾರದ್ದೋ ಹೆಸರೇ ಬಂತು! ದುಡ್ಡಿಂದು ನಾಳೆ ಮೀಟಿಂಗಲ್ಲಿ ಹೇಳ್ತೇನೆ. ಗೋಣಿ ಎಂಟೂ ನಮ್ಮ ಜಗಲಿಯಲ್ಲೇ ಉಂಟು, ಅಮ್ಮ ಬೈತಿದ್ದಾರೆ.